ಸದ್ದು ಸರಿಯಿದೆ

ಮೊದಲು ಕೇಳುವುದು ಒಂದೇ ಪ್ರಶ್ನೆ:
ನೀರಿಗೆ ಬಿತ್ತೋ, ಮರಳಿಗೆ ಬಿತ್ತೋ?
ಎರಡೂ ಇಲ್ಲ ಎನ್ನುತ್ತಾರೆ ಎಲ್ಲರೂ.
ನುವಾಕ್ಷೋತಿನಲ್ಲಿ ಮರಳಿಗೆ ಬೀಳದ ವಸ್ತು ಯಾವುದಿದೆ,
ಅನ್ನದಲ್ಲೇ ಕಚಕ್ಕೆಂದು ಹಲ್ಲಿಗೆ ಸಿಗುವ ಊರು ಇದು.

ಹತ್ತು ಫೋನು ಬಂದರೆ ನಾಲ್ಕಕ್ಕೆ ರೋಗವೇ ಇರುವುದಿಲ್ಲ.
ಒಂದು ಸೈಲೆಂಟಿನಲ್ಲಿ ಮಲಗಿರುತ್ತದೆ.
ಒಂದರ ಮಾತು ಬ್ಲೂಟೂತಿನಲ್ಲಿ ಗೋಡೆ ದಾಟಿ
ಪಕ್ಕದ ಮನೆಯ ಡಬ್ಬಿಯಲ್ಲಿ ಕೂತು ಹರಟುತ್ತಿರುತ್ತದೆ
(ಹಾಗೆ ಒಂದು ಮದುವೆ ಮುರಿದದ್ದೂ ಉಂಟು).
ಇನ್ನೊಂದಕ್ಕೆ, ಇಯರ್‌ಫೋನು ಸಿಕ್ಕಿಸಿದ್ದಾರೆಂಬ ಭ್ರಮೆ;
ತೂತಿನಲ್ಲಿ ಚೂರು ಕಸ, ಅಷ್ಟೆ.
ಸೂಜಿಯಲ್ಲಿ ತೆಗೆದದ್ದಕ್ಕೆ ದುಡ್ಡು ಮುಟ್ಟುವುದಿಲ್ಲ ನಾನು.
ಮುಟ್ಟುವವರೂ ನಮ್ಮ ಸಾಲಿನಲ್ಲಿದ್ದಾರೆ,
ಹೆಸರು ಬೇಡ.

ಟಾಕೋ ಬಂದದ್ದು ಮಧ್ಯಾಹ್ನದ ನಮಾಜು ಮುಗಿದ ಮೇಲೆ.
ದಡದಲ್ಲಿ ಮೀನು ಒಣಗಿಸುವವಳು,
ಬೆರಳ ಸಂದಿಯಲ್ಲಿ ಹುರುಪೆ ಇನ್ನೂ ಮಿನುಗುತ್ತಿತ್ತು.
"ಇದರ ಗಂಟಲು ಕಟ್ಟಿದೆ, ಯೇರೋ.
ತಮ್ಮನ ಸಂದೇಶ ಆರು ಬಂದು ಕೂತಿವೆ,
ಒಂದೂ ಕೇಳುತ್ತಿಲ್ಲ."
ಬರೆದು ಕಳಿಸಲು ಹೇಳು ಅವನಿಗೆ, ಅಂದೆ.
"ಅವನಿಗೆ ಬರೆಯಲು ಬಾರದು, ನನಗೆ ಓದಲು,"
ಎಂದವಳೇ ಈರುಳ್ಳಿ ಕೊಳ್ಳಲು ಹೋದಳು.

ಹಲ್ಲುಜ್ಜುವ ಬ್ರಷ್ಷು, ಎರಡು ಹನಿ ಸ್ಪಿರಿಟ್ಟು.
ಜಾಲರಿಗೆ ಟೇಪು ಒತ್ತಿ ಎಳೆದರೆ
ಅದರ ಬೆನ್ನಿಗೆ ಒಂದು ಪುಟ್ಟ ಮರುಭೂಮಿ.
ಊದಬಾರದು, ಉಸಿರಲ್ಲೂ ನೀರಿದೆ;
ಇದನ್ನು ನನ್ನ ಉಸ್ತಾದ ತಲೆಗೆ ಮೊಟಕಿ ಕಲಿಸಿದ್ದ.
ಒಳಗೆ ಸ್ಪೀಕರಿನ ಕಾಲು ಹಸಿರು ತಿರುಗಿತ್ತು.
ಉಜ್ಜಿ, ಒರೆಸಿ, ಮುಚ್ಚಿ, ರಿಂಗು ಹಾಕಿದೆ:
ಹೊಸ ಹುಂಜದ ಹಾಗೆ ಕೂಗಿತು.

ಇರಲಿ ಎಂದು ಮೊದಲ ಸಂದೇಶ ಒತ್ತಿದೆ.
ಗರಗರ. ಗಡಗಡ. ಗರಗರ.
ತಗಡಿನ ಮೇಲೆ ಕಲ್ಲು ಸುರಿದ ಹಾಗೆ.
ಹತ್ತು ಸೆಕೆಂಡಿಗೆ ನಿಲ್ಲಿಸಿದೆ:
ಇನ್ನೊಬ್ಬರ ಮಾತು ಅದಕ್ಕಿಂತ ಹೆಚ್ಚು ಕೇಳುವುದಿಲ್ಲ, ನನ್ನ ನೇಮ.
ಎರಡನೆಯದೂ ಗರಗರ.
ಪೊರೆ ಹರಿದಿರಬೇಕು.
ಪೆಟ್ಟಿಗೆಯಿಂದ ಒಳ್ಳೆಯ ಸ್ಪೀಕರು ತೆಗೆದು ಕೂಡಿಸಿದೆ. ಗರಗರ.
ಅದಕ್ಕಿಂತ ಒಳ್ಳೆಯದು ಕೂಡಿಸಿದೆ, ಹೆಬ್ಬೆರಳು ಸುಟ್ಟುಕೊಂಡೆ.
ಗರಗರ.

"ಬೋರ್ಡೇ ಹೋಗಿದೆ ಅಕ್ಕ,"
ಹನ್ನೊಂದು ವರ್ಷದಲ್ಲಿ ಮೂರನೇ ಸಲ ಈ ಮಾತು ಆಡಿದ್ದು.
ಅವಳು ಕಿವಿಗೆ ಹಿಡಿದಳು. ತೆಗೆಯಲಿಲ್ಲ.
ಒಂದು ನಿಮಿಷ. ಎರಡು. ಈರುಳ್ಳಿಯ ಚೀಲ ಕಾಲ ಬಳಿ ಒರಗಿತು.
"ಇದು ಖಾಲಿ ಗಾಡಿ, ಡಬ್ಬಿಗಳು ಕುಣಿಯುತ್ತಿವೆ," ಎಂದಳು.
ಮುಂದಿನದನ್ನು ಒತ್ತಿ,
"ಇದು ಅದಿರು ತುಂಬಿದ್ದು. ಕೇಳು, ಬಸುರಿಯ ನಡಿಗೆ."

ಹಮ್ಮಾದಿ ಹುಟ್ಟು ಮೂಗನಂತೆ, ಕಿವಿ ಮಾತ್ರ ಚುರುಕು.
ಶೂಮಿನ ಆಚೆ ಹಳಿಯ ಮೇಲಿನ ಮರಳು ಗೋರುವ ಕೆಲಸ.
ರೈಲು ಬಂದಾಗ ಸಲಿಕೆ ಕೆಳಗಿಟ್ಟು
ಫೋನು ಹಿಡಿದು ನಿಲ್ಲುತ್ತಾನೆ,
ಕೊನೆಯ ಡಬ್ಬಿ ಹೋಗುವ ತನಕ.

"ಪೂರ್ತಿ ಕೇಳಿದೆಯಾ ನೀನು?"
ಇಲ್ಲ ಎಂದೆ.
ನನ್ನ ಕಿವಿಗೆ ಒತ್ತಿದಳು.
ಗಡಗಡ ತೆಳುವಾಯಿತು, ಗಾಳಿ ಉಳಿಯಿತು,
ಆಮೇಲೆ ಸಲಿಕೆಯಿಂದ ಹಳಿಗೆ ಬಡಿದದ್ದು:
ಟಕ್. ಟಕ್.
"ನನ್ನನ್ನು ಕರೆಯುತ್ತಿದ್ದಾನೆ," ಎಂದಳು ಟಾಕೋ.

ನನ್ನ ಸ್ಪೀಕರು ಬಿಚ್ಚಿಕೊಂಡು ಹಳೆಯದನ್ನೇ ಕೂಡಿಸಿದೆ.
ತೊಳೆದದ್ದಕ್ಕೆ ಐವತ್ತು ಊಗಿಯ, ಜೊತೆಗೆ ಎರಡು ಈರುಳ್ಳಿ.
ಹೊರಟವಳು ತಿರುಗಿ ಬಂದು ಫೋನು ನನ್ನತ್ತ ಚಾಚಿದಳು,
ಕೆಂಪು ಚುಕ್ಕಿ ಹೊತ್ತಿತ್ತು.
ಸಲಾಂ ಹೇಳಲು ಬಾಯಿ ತೆರೆದೆ.
ಅದಲ್ಲ ಎಂದು ಕಣ್ಣಲ್ಲೇ ಗದರಿ
ಬ್ರಷ್ಷು ತೋರಿಸಿದಳು.

ಕೈಯಲ್ಲಿ ಬೇರೆ ಫೋನಿರಲಿಲ್ಲ.
ಬರೀ ಮೇಜನ್ನೇ ಉಜ್ಜಿದೆ,
ಸಾಕು ಅನ್ನುವವರೆಗೆ.