ನಡುವಿನ ಮೆತ್ತೆ

ಮೂರು ಗವಸು ತಂದಳು ಓರ್ತೆನ್ಸಿಯಾ, ಮೀನಿನ ಚೀಲದಲ್ಲಿ,
ಒಗೆದು, ಒಣಗಿಸಿ, ಇಸ್ತ್ರಿಯನ್ನೂ ಹಾಕಿ.
ಒಳಗಿನದು ಒಂದೇ ಒಂದು, ಮಾದರಿಗೆ:
ಹಳದಿ ತಿರುಗಿದ ಫೋಮು. ಬೆರಳಿಟ್ಟರೆ
ಹಳಸಿದ ಬ್ರೆಡ್ಡಿನ ಹಾಗೆ ಉದುರಿತು ಮೇಜಿನ ಮೇಲೆ.

ವಾಲ್ಪರೈಸೋದ ಕೆಳಪೇಟೆಯಲ್ಲಿ ನನ್ನಂಗಡಿ.
ಮೂವತ್ತೊಂದು ವರ್ಷದಿಂದ ಫೋಮು ಕೊಯ್ಯುತ್ತಿದ್ದೇನೆ.
ಬಂದವರಿಗೆ ಮೊದಲ ಪ್ರಶ್ನೆ, ಯಾರು ಎಲ್ಲಿ ಕೂರುತ್ತಾರೆ?
ಎರಡನೆಯದು, ತೂಕ ಎಷ್ಟು?
ಎರಡನೆಯದಕ್ಕೆ ಎಲ್ಲರೂ ಸುಳ್ಳು ಹೇಳುತ್ತಾರೆ;
ಹತ್ತು ಕಿಲೋ ನಾನೇ ಸೇರಿಸಿಕೊಳ್ಳುತ್ತೇನೆ.

‘ಎಡಕ್ಕೆ ಬಲ್ತಸಾರ್, ನನ್ನ ಗಂಡ. ಬಂದರಿನಲ್ಲಿ ರಾತ್ರಿ ಪಾಳಿ.
ಬೂಟು ಬಿಚ್ಚುತ್ತಾ ಬಿಚ್ಚುತ್ತಾ ಕೂತಲ್ಲೇ ನಿದ್ದೆ ಹೋಗುತ್ತಾನೆ.
ಬಲಕ್ಕೆ ನಾನು. ನನಗೆ ಕಿಟಕಿ ಬೇಕು.’
ನಡುವೆ?
ಅವಳು ಗವಸಿನ ಜಿಪ್ಪು ಎಳೆದಳು, ಮತ್ತೆ ಹಾಕಿದಳು.

ಇದ್ದದ್ದನ್ನೆಲ್ಲ ತೆಗೆದು ತೋರಿಸಿದೆ.
ಗರಿ ತುಂಬಿದ್ದು, ಕೂತವರನ್ನು ಒಳಗೆ ಕರೆದುಕೊಳ್ಳುತ್ತದೆ; ಆದರೆ
ದಿನಾ ಬೆಳಿಗ್ಗೆ ಬೆನ್ನು ತಟ್ಟಬೇಕು, ಹಾಲು ಕುಡಿದ ಕೂಸಿಗೆ ತಟ್ಟಿದಂತೆ.
ಪಾಲಿಯೆಸ್ಟರ್ ಅರಳೆ ಅಗ್ಗ,
ಎರಡು ಚಳಿಗಾಲ ಕಳೆದರೆ ಗಂಟು ಕಟ್ಟಿದ ಅಂಬಲಿ.
ಒಳ್ಳೆಯ ಫೋಮು ಮಾತ್ರ
ಎದ್ದು ಹೋದವರನ್ನು ತಕ್ಷಣ ಮರೆಯುತ್ತದೆ.

ಕೂತು ನೋಡಿ, ಅಂದೆ.
ಅಂಗಡಿಯಲ್ಲಿ ಎಲ್ಲರೂ ಫೋಟೋಗೆ ಕೂತ ಹಾಗೆ ಕೂರುತ್ತಾರೆ.
ಹಾಗಲ್ಲ, ಮನೆಯಲ್ಲಿ ಕೂರುವ ಹಾಗೆ.
ಚಪ್ಪಲಿ ಬಿಟ್ಟಳು, ಕಾಲು ಮೇಲೆಳೆದುಕೊಂಡಳು,
ಆಮೇಲೆ ಬಾಯಿಬಿಟ್ಟಳು:
‘ನಡುವಿನದು ಗಟ್ಟಿ ಇರಲಿ. ಇದ್ದುದರಲ್ಲೇ ಗಟ್ಟಿ.
ಕೂತರೆ ತಿಳಿಯಬಾರದು,
ಮಲಗಿದರೆ ತಿಳಿಯಬೇಕು.’

ಮೈದುನ. ಎವರಿಸ್ತೋ.
ಎರಡು ದಿನಕ್ಕೆಂದು ಬಂದವನಿಗೆ ಈಗ ಹನ್ನೊಂದು ತಿಂಗಳು.
ಕೆಟ್ಟವನಲ್ಲ, ಪಾತ್ರೆ ತೊಳೆಯುತ್ತಾನೆ,
ತೊಳೆಯುವಾಗ ಸಿಳ್ಳೆ ಹಾಕುತ್ತಾನೆ, ಅದೇ ಅದೇ ಸಿಳ್ಳೆ.
ಅಣ್ಣನಿಗೆ ಬಾಯಿಲ್ಲ, ಇವಳಿಗೆ ಮನಸ್ಸಿಲ್ಲ,
ನಾಲಗೆಯಿಂದ ಆಗದ ಕೆಲಸಕ್ಕೆ
ಫೋಮು ಕೇಳಿಕೊಂಡು ಬಂದಿದ್ದಾಳೆ.

ನಾನೇನೂ ಹೇಳಲಿಲ್ಲ. ಟೇಪು ಹಿಡಿದೆ.
ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನುವುದು ಮನುಷ್ಯರ ಮಾತಾಯಿತು,
ಮೆತ್ತೆಯ ನ್ಯಾಯ ಬೇರೆ:
ಗವಸಿಗಿಂತ ಎರಡು ಬೆರಳು ಹೆಚ್ಚೇ ಕೊಯ್ಯಬೇಕು.
ಹಿಡಿಸದ್ದನ್ನು ಹಿಡಿಸಿದರೇ ಮೂಲೆಗಳು ತುಂಬುವುದು.
ಇದನ್ನು ಅವಳಿಗೆ ವಿವರಿಸಿದೆ.
ಫೋಮಿನ ಬಗ್ಗೆಯೇ ಹೇಳಿದ್ದು, ಅಷ್ಟೇ;
ಅವಳು ಮಾತ್ರ ಮುಖ ತಿರುಗಿಸಿ ಬೀದಿ ನೋಡಿದಳು.

ಮುಂಗಡ ಅರ್ಧ. ಉಳಿದದ್ದು ಶನಿವಾರ.

ಶನಿವಾರ ಬಂದವನು ಅವನೇ.
‘ಅತ್ತಿಗೆ ಕಳಿಸಿದರು,’ ಅಂದ. ಉದ್ದನೆಯ ಆಳು,
ಆ ಸೋಫಾದಿಂದ ಪಾದಗಳೆರಡೂ
ಹನ್ನೊಂದು ತಿಂಗಳಿಂದ ಹೊರಗೇ ಇದ್ದಿರಬೇಕು.
ಅವಳು ಕೊಟ್ಟ ಲಕೋಟೆ ಜೇಬಿನಲ್ಲೇ ಉಳಿಯಿತು.
ಇನ್ನೊಂದು ಜೇಬಿನಿಂದ ಮುದ್ದೆಯಾದ ನೋಟು ತೆಗೆದು
ಒಂದೊಂದಾಗಿ ಮೇಜಿನಂಚಿಗೆ ಉಜ್ಜಿ, ನೇರ ಮಾಡಿ, ಎಣಿಸಿಟ್ಟ.
‘ಇದು ಅವರಿಗೆ ತಿಳಿಯುವುದು ಬೇಡ.’
ಲಕೋಟೆ ಏನಾಯಿತೋ, ಅದು ನನ್ನ ಲೆಕ್ಕವಲ್ಲ.

ಒಳಗೆ ಮೂರೂ ಒಂದರ ಮೇಲೊಂದು ಇದ್ದವು.
ನೋಡಲು ಅಕ್ಕಪಕ್ಕದ ಮಕ್ಕಳ ಹಾಗೆ ಒಂದೇ ಬಣ್ಣ, ಒಂದೇ ಎತ್ತರ.
ಗಟ್ಟಿಯದರ ಮಗ್ಗುಲಿಗೆ ಸೀಮೆಸುಣ್ಣದಲ್ಲಿ
‘ನಡು’ ಎಂದು ಬರೆದಿದ್ದೆ.
ದಾರ ಸುತ್ತುವ ನೆಪದಲ್ಲಿ ಅಂಗೈ ಆಡಿಸಿದೆ.
ಸುಣ್ಣ ಹೋಯಿತು.

ಮಧ್ಯಾಹ್ನದ ಸಮುದ್ರಗಾಳಿ. ನೂರರವತ್ತು ಮೆಟ್ಟಿಲು.
ಫೋಮಿಗೆ ತೂಕವಿಲ್ಲ, ಮೈ ಮಾತ್ರ ಇದೆ;
ಗಾಳಿ ಹಿಡಿದರೆ ಅದೊಂದು ಹಾಯಿ.
ನಾಲ್ಕು ಮೆಟ್ಟಿಲು ಹತ್ತಿ ಎರಡು ಹಿಂದೆ ಬಂದ.
ಕೊನೆಗೆ ಬೆನ್ನು ಮುಂದೆ ಮಾಡಿ, ಮೂರನ್ನೂ ತಬ್ಬಿಕೊಂಡು,
ನನ್ನ ಕಡೆಗೇ ಮುಖ ಮಾಡಿ ಹಿಮ್ಮುಖ ಹತ್ತತೊಡಗಿದ.
ಮುಖ ಕಾಣಲಿಲ್ಲ. ಮೂರು ಬಿಳಿ ಚಪ್ಪಡಿ,
ಕೆಳಗೆ ಎರಡು ಕಾಲು,
ಗಾಳಿಯಲ್ಲಿ ಆಗೊಮ್ಮೆ ಈಗೊಮ್ಮೆ ಆ ಸಿಳ್ಳೆ.

ಯಾವುದು ಯಾರ ಕೆಳಗೆ ಹೋಯಿತೋ ಗೊತ್ತಿಲ್ಲ.
ಪುಸ್ತಕದಲ್ಲಿ ಬರೆದುಕೊಂಡೆ:
ಮೆತ್ತೆ ಮೂರು. ಅಳತೆ ಒಂದೇ. ಬಾಕಿ ಇಲ್ಲ.