ಮೂಲ: ತಿಳಿಯದು

ಟಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಹಿಂದೊಂದು ಕೋಣೆ.
ಇಲ್ಲಿ ಕರೆಂಟು ಹೋಗುವುದು ಕಡಿಮೆ, ಕೋಲ್ಡ್ ಸ್ಟೋರೇಜಿನ ಪುಣ್ಯ.
ಗಂಧಕದ ಹೊಗೆ ಓಢಣಿಗೆ ಹತ್ತಿದೆ, ಕೀಬೋರ್ಡಿಗೂ ಹತ್ತಿದೆ,
ನಿನ್ನ ಪಟ್ಟಿಯೂ ನಾರುತ್ತದೆ ಎನ್ನುತ್ತಾರೆ ಬಿರಾದಾರ ಸರ್.

ಪಟ್ಟಿ ಇಷ್ಟೇ:
ಸೂರ್ಯ ಸಿಡಿದಾಗ ಹಾರಿ ಬಂದ ಕಣಗಳು
ಯಾವ ದಿನ, ಎಷ್ಟು ಗಂಟೆಗೆ ಮುಟ್ಟಿದವು,
ಎಷ್ಟು ಏರಿದವು, ಎಂದು ಇಳಿದವು,
ಮುಖದ ಯಾವ ಕಲೆಯಿಂದ ಹೊರಟವು.
ಐದು ನಿಮಿಷಕ್ಕೊಂದು ಅಂಕಿ, ಇಪ್ಪತ್ತೆರಡು ವರ್ಷ.
ಗಡಿಯಾರ ಮಾತ್ರ ನಮ್ಮದಲ್ಲ, ಐದೂವರೆ ತಾಸು ಹಿಂದಿನದು.
ಸಂಜೆ ಆರಕ್ಕೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ
ನಾನು ಹನ್ನೆರಡೂವರೆಯ ಉರಿಬಿಸಿಲಲ್ಲಿ ಕೂತಿರುತ್ತೇನೆ.

ಬೆಳಕು ಎಂಟು ನಿಮಿಷಕ್ಕೆ ಬಂದುಬಿಡುತ್ತದೆ, ಸೀದಾ.
ಕಣಗಳಿಗೆ ಸೀದಾ ಹಾದಿ ಇಲ್ಲ.
ಸೂರ್ಯ ತಿರುಗುತ್ತ ಎಳೆದ ಕಾಂತದ ಸುರುಳಿ ಹಿಡಿದು
ಬಬಲೇಶ್ವರ ಸುತ್ತಿ ಬರುವ ಬಸ್ಸಿನಂತೆ
ಅರ್ಧ ತಾಸಿಗೆ, ಮೂರು ತಾಸಿಗೆ,
ಕೆಲವೊಮ್ಮೆ ಮರುದಿನ.
ಬಂದಾಗ ಮೊದಲು ಕ್ಯಾಮೆರಾದ ಕಣ್ಣಿಗೇ ಬೀಳುತ್ತವೆ,
ಚಿತ್ರದ ತುಂಬ ಬಿಳಿ ಚುಕ್ಕೆ,
ಬೀಸುಕಲ್ಲಿನ ಸುತ್ತ ಜೋಳದ ನುಚ್ಚು ಚೆಲ್ಲಿದ ಹಾಗೆ.
ಆಮೇಲೆ ಸೂರ್ಯ ಕಾಣಿಸುವುದಿಲ್ಲ,
ಸೂರ್ಯ ಕಳಿಸಿದ್ದಷ್ಟೇ.

ಹತ್ತರ ಗೆರೆ ದಾಟಿದರೆ ಘಟನೆ.
ಒಂಬತ್ತಕ್ಕೆ ನಿಂತು ಮೂರು ದಿನ ನರಳಿದರೂ
ಅದಕ್ಕೆ ಕ್ರಮಾಂಕ ಇಲ್ಲ.

ಹೊರಗೆ ದಾನಮ್ಮ ಚಿಗವ್ವ ಜರಡಿ ಆಡಿಸುತ್ತಾಳೆ.
ಹಸಿರು ಒಂದು ಕಡೆ, ಹಳದಿ ಒಂದು ಕಡೆ,
ಕಂದಿದ್ದು ಚೀಲಕ್ಕೆ, ಸಣ್ಣದು ನೆಲಕ್ಕೆ.
ಒಮ್ಮೆ ಒಳಗೆ ಬಂದು, ಬೆರಳು ಅಂಟಂಟು,
ಪರದೆಯ ಮೇಲಿನ ಗೆರೆ ನೋಡಿದಳು.
ನೆಟ್ಟಗೆ ಏರಿ, ನಿಧಾನ, ಬಹಳ ನಿಧಾನ ಇಳಿಯುವ ಗೆರೆ.
"ಇದು ಬಂದ್ರ ದ್ರಾಕ್ಷಿಗೆ ಏನಾರ ಆಕ್ಕೈತೇನ?"
"ಇಲ್ಲ ಚಿಗವ್ವ, ಮ್ಯಾಲಿನ ಗಾಳಿ ತಡೀತೈತಿ."
"ಮತ್ತ ಬರಕೊಂಡು ಏನ್ ಮಾಡ್ತಿ?"
ವಿಮಾನ, ಉಪಗ್ರಹ, ಆಕಾಶಕ್ಕೆ ಹೋದವರ ಮೈ
ಅಂತ ಹೇಳಿದೆ. ಅವಳು ತಲೆ ಹಾಕಿದಳು,
ನಂಬಿದವರ ಹಾಗಲ್ಲ,
ಹುಡುಗಿ ದಣಿದಾಳ ಅಂತ ತಿಳಿದವರ ಹಾಗೆ.

ನಲವತ್ತೇಳನೆಯ ಸಾಲು ನನ್ನನ್ನು ಹದಿನೇಳು ದಿನ ಹಿಡಿಯಿತು.
ಕಣ ಬಂದಿವೆ, ಧಾರಾಳ ಬಂದಿವೆ.
ಸೂರ್ಯನ ಮುಖ ಮಾತ್ರ ಆ ದಿನ ಸ್ವಚ್ಛ,
ಈಗಷ್ಟೇ ತೊಳೆದ ತಾಟು.
ಸಿಡಿದದ್ದು ಎಲ್ಲಿ?
ಬರೆದೆ: ಮೂಲ ತಿಳಿಯದು.
ಸರ್ ಕೆಂಪು ಪೆನ್ನಿನಲ್ಲಿ ಗೀಚಿದರು:
"ತಿಳಿಯದು ಅನ್ನೋದು ಒಂದು, ಕಾಣದು ಅನ್ನೋದು ಇನ್ನೊಂದು.
ಪಡುವಣ ಅಂಚಿನ ಆಚೆ ಇರಬಹುದು. ಮತ್ತೆ ನೋಡು."

ನೋಡಿದೆ. ಎರಡು ದಿನ ಹಿಂದಿನ ಚಿತ್ರದಲ್ಲಿ
ಒಂದು ಕಲೆ, ಗುಂಪು ಗುಂಪಾಗಿ,
ಅಂಚು ದಾಟುತ್ತ ಬೆನ್ನು ತಿರುಗಿಸಿ ಹೋಗುತ್ತಿತ್ತು.
ಯಾರೂ ನೋಡದ ಕಡೆ ಹೋಗಿ ಸಿಡಿಯಿತು.
ನಮಗೆ ಮುಟ್ಟಿತು.

ಆ ವಾರ ರುಖಿಯಾ ಮುಲ್ಲಾ ಶೆಡ್ಡಿಗೆ ಬರಲಿಲ್ಲ.
ಚಿಗವ್ವನ ಹಾಜರಿ ವಹಿಯಲ್ಲಿ
ಸೋಮವಾರ ಗೀಟು, ಮಂಗಳವಾರ ಗೀಟು,
ಬುಧವಾರ ಗೀಟಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣದಾಗಿ
"ಯಾಕೋ."
ಇಷ್ಟು ವರ್ಷ ಪಟ್ಟಿ ಮಾಡಿದ ನನಗೆ
ಅಷ್ಟು ಚಿಕ್ಕ ಕಾಲಮ್ಮಿಗೆ ಹೆಸರು ಹೊಳೆದಿರಲಿಲ್ಲ.
ಗುರುವಾರ ಅವಳು ಬಂದಳು, ಏನೂ ಹೇಳಲಿಲ್ಲ,
ಜರಡಿ ಹಿಡಿದಳು. ಚಿಗವ್ವನೂ ಕೇಳಲಿಲ್ಲ.
ವಹಿಯಲ್ಲಿ ಯಾಕೋ ಹಾಗೇ ಉಳಿದಿದೆ.

ನಾನೀಗ ಇನ್ನೊಂದು ಹಾಳೆ ತೆರೆದಿದ್ದೇನೆ,
ಗೆರೆ ದಾಟದವುಗಳಿಗೆ.
ಪ್ರಬಂಧಕ್ಕೆ ಬೇಡ ಎಂದಿದ್ದಾರೆ ಸರ್, ಸರಿಯೇ.
ಏಳು, ಎಂಟೂವರೆ, ಒಂಬತ್ತು ದಶಾಂಶ ಆರು.
ಇಳಿದ ಹೊತ್ತು ಬರೆಯಲು ಹೋದರೆ
ಒಂದರ ಬಾಲ ಇಳಿಯುವ ಮುಂಚೆ
ಇನ್ನೊಂದು ಅದರ ಹೆಗಲೇರಿರುತ್ತದೆ,
ಮುಗಿದದ್ದು ಯಾವಾಗ ಎಂದು ಗೊತ್ತಾಗುವುದಿಲ್ಲ.
ಆ ಮನೆ ಖಾಲಿ ಬಿಟ್ಟಿದ್ದೇನೆ.

ಹೊರಗೆ ಬಲೆಯ ಮೇಲೆ ದ್ರಾಕ್ಷಿ,
ಹದಿನಾಲ್ಕನೆಯ ದಿನ,
ನೆರಳಲ್ಲೇ ಒಣಗುತ್ತಿದೆ.