ಹಲ್ಲಿನ ಗುರುತು

ಹೌಸ್ಕೆರ್ ದ್ವೀಪದಲ್ಲಿ ನೂರಾ ಮೂವತ್ತೆಂಟು ಮೇಣದ ತುಂಡು,
ಚಾಕೊಲೇಟ್ ಪುಡಿ ಬೆರೆಸಿ ಎರಕ ಹೊಯ್ದದ್ದು,
ತಂತಿಗೆ ಪೋಣಿಸಿ ಸಂದಿಗೊಂದರಂತೆ ಸಿಕ್ಕಿಸಿದ್ದಾಳೆ
ಓಯ್ರಿಕ್.
ಹದಿನೈದು ದಿನಕ್ಕೊಮ್ಮೆ, ಕಡಲು ಬಿಟ್ಟುಕೊಟ್ಟರೆ,
ದೋಣಿ ಇಳಿದು ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾಳೆ,
ಶಾಲೆಗೆ ಬಂದು ಮಕ್ಕಳ ಹಲ್ಲು ನೋಡುವ ದಾದಿಯ ಹಾಗೆ.

ಗೆರೆ ಇದ್ದರೆ ಇಲಿ.
ಇಲ್ಲದಿದ್ದರೆ ಇನ್ನೂ ಹದಿನೈದು ದಿನ.

ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಗುವ ಮಾತುಂಟು.
ಇಲ್ಲಿ ನಗುವಂತಿಲ್ಲ.
ಎರಡು ಚಳಿಗಾಲ, ಸೊಂಟಕ್ಕೆ ಹಗ್ಗ, ಬಂಡೆಯಂಚಿಗೆ ಜೋತು
ಬಿರುಕು ಬಿರುಕಿಗೂ ವಿಷದ ಗುಳಿಗೆ ಉಣಿಸಿದವರು
ಬೆಟ್ಟವನ್ನೇ ಅಗೆದರು, ಕೊನೆಯ ಒಂದು ಇಲಿಗಾಗಿ.
ಅದು ಬಸುರಿಯಾಗಿದ್ದರೆ
ಬರುವ ವರ್ಷಕ್ಕೆ ಐನೂರು.

ಅಜ್ಜ ಫಿನ್ಲಾ ಈಚೆ ದಡದಲ್ಲೇ ಉಳಿದ. ಮಂಡಿ ಏಳದು.
ಅವನು ಕುರಿ ಮೇಯಿಸಿದ ದ್ವೀಪ;
ರಾತ್ರಿ ಅಲ್ಲಿ ಗಾಳಿಯ ಹೊರತು ಏನನ್ನೂ ಕೇಳಿದವನಲ್ಲ.
ಅವನ ಅಜ್ಜಿ ಕೇಳಿದ್ದಳಂತೆ:
ಕಲ್ಲುಗೋಡೆಯೊಳಗೆ ಯಾರೋ ರಾಟೆ ತಿರುಗಿಸುತ್ತಾರೆ,
ನಡುನಡುವೆ ಬಿಕ್ಕುತ್ತಾರೆ.
ಪೆಟ್ರೆಲ್. ಗುಬ್ಬಿಗಾತ್ರ, ಕಾಡಿಗೆ ಬಣ್ಣ,
ಆಫ್ರಿಕದ ತುದಿಯ ಕಡಲಿಂದ ಬಂದು
ಬೆಳದಿಂಗಳಿಗೂ ಅಂಜಿ, ಕತ್ತಲಲ್ಲೇ ಮನೆ ಸೇರುವುದು.
ವರ್ಷಕ್ಕೊಂದು ಮೊಟ್ಟೆ.
ಒಂದೇ.
ಇಲಿಗೆ ಅದು ಒಂದು ಸಂಜೆಯ ಊಟವೂ ಅಲ್ಲ.

ಮರ ಹೇರಿದ್ದ ಹಡಗು ಹೌಸ್ಕೆರಿನ ಕಲ್ಲುಹಲ್ಲಿಗೆ ಸಿಕ್ಕಿ ಒಡೆಯಿತು.
ಹನ್ನೊಂದು ಜನ ಮುಳುಗಿದರು. ಈಜಿ ದಡ ಮುಟ್ಟಿದ್ದು ಇಲಿ.
ಊರವರು ಹೋಗಿ ಹೊತ್ತು ತಂದದ್ದು ಹಲಗೆ:
ಮರವೇ ಬೆಳೆಯದ ನೆಲದಲ್ಲಿ ಹಲಗೆ ಅಂದರೆ ಬಂಗಾರ.
ಫಿನ್ಲಾನ ಊಟದ ಮೇಜು ಆ ಹಡಗೇ.
ಕೆಳಗೆ ಕೈಯಾಡಿಸಿದರೆ ಒಂದು ಮೂಲೆಯಲ್ಲಿ
ಸಣ್ಣ ಗೆರೆಗಳು, ಜೋಡಿ ಜೋಡಿ.
ಮಗುವಿದ್ದಾಗ ಓಯ್ರಿಕ್ ಅವನ್ನು ತಡವುತ್ತಲೇ
ಓಟ್ಸ್ ಗಂಜಿ ತಿಂದವಳು.

ಯಾರನ್ನು ಬೈಯುವುದು?
ಇಲಿಯೂ ಮುಳುಗುವ ಮನೆ ಬಿಟ್ಟು ಬಂದದ್ದು,
ಬಾಯಲ್ಲಿ ಮರಿಯೊಂದು ಇದ್ದಿರಲೂಬಹುದು.
ಹಕ್ಕಿ ಮುಗಿದ ಮೇಲೆ ಏಡಿ ತಿಂದಿತು, ಕಡಲಪಾಚಿ ತಿಂದಿತು,
ಸತ್ತ ಕುರಿಯನ್ನು, ಆಮೇಲೆ ಒಂದನ್ನೊಂದು.
ವಿಷವಿಟ್ಟ ಮೊದಲ ವಾರ ಓಯ್ರಿಕ್ ಒಂದನ್ನು ಕಂಡಳು,
ಹಾಡುಹಗಲು, ಹುಲ್ಲಿನ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು.
ಹೊತ್ತು, ಜಾಗ, ಗಾಳಿಯ ದಿಕ್ಕು ವರದಿಯಲ್ಲಿ ಬರೆದಳು.
ಮೀಸೆಯ ವಿಷಯ ಬರೆಯಲಿಲ್ಲ.

ಹಕ್ಕಿಯ ಹಿಂದೆ ಹಿಕ್ಕೆಯೂ ಹೋಗಿತ್ತು.
ಹುಲ್ಲು ಬಡವಾಯಿತು, ಹುಲ್ಲಿನ ಹಿಂದೆ ಕುರಿ.
ಫಿನ್ಲಾನ ಅಪ್ಪ ಸಾಲ ಮಾಡಿ ಗೊಬ್ಬರ ಕೊಂಡು
ದೋಣಿಯಲ್ಲಿ ಸಾಗಿಸಿದ.
ಚೀಲದ ಮೇಲೆ ಪೆರುವಿನ ಯಾವುದೋ ಹಕ್ಕಿಯ ಚಿತ್ರ.

ಈಗ ಗೋಡೆಯ ಸಂದಿಯಲ್ಲೊಂದು ಸ್ಪೀಕರ್.
ಬೇರೆ ದ್ವೀಪದಿಂದ ಹಿಡಿದು ತಂದ ರಾಟೆ, ಬಿಕ್ಕಳಿಕೆ,
ರಾತ್ರಿಯಿಡೀ ಕಡಲಿಗೆ ಹೇಳುತ್ತದೆ: ಮನೆ ಖಾಲಿಯಿದೆ, ಬನ್ನಿ.
ಮೂರನೆಯ ಬೇಸಿಗೆ. ಜುಲೈ. ಚಂದ್ರನಿಲ್ಲ.
ಬ್ಯಾಟರಿ ಸತ್ತಿದೆ. ಟಾರ್ಚ್ ಹಾಕುವಂತಿಲ್ಲ.
ಕಿವಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ, ಅನ್ನುತ್ತಿದ್ದಳಂತೆ
ಫಿನ್ಲಾನ ಅಜ್ಜಿ:
ಹಳೇ ಎಣ್ಣೆದೀಪ, ಒದ್ದೆ ಉಣ್ಣೆ, ಚೂರು ಕಸ್ತೂರಿ.

ಓಯ್ರಿಕ್ ಹೊಟ್ಟೆಯ ಮೇಲೆ ಮಲಗಿ
ಕಲ್ಲಿನಿಂದ ಕಲ್ಲಿಗೆ ತೆವಳುತ್ತಾಳೆ,
ಕತ್ತಲಲ್ಲಿ, ಮೂಗು ಮುಂಚಾಚಿ,
ಒಂದೊಂದೇ ಬಿರುಕು ಮೂಸುತ್ತ,
ತುಟಿ ತುಸು ತೆರೆದು, ಉಸಿರು ಬಿಗಿಹಿಡಿದು,
ಥೇಟ್ ಅದರ ಹಾಗೆ.

ಏಳನೆಯ ಬಿರುಕಿನಲ್ಲಿ ನಿಲ್ಲುತ್ತಾಳೆ.